ನಿಧಿ ಸಾಕು, ಎಲುಬು ಮಾತಾಡಲಿ

ಕಳೆದ ಚಳಿಗಾಲದಲ್ಲಿ ಮಗಳ ಶಾಲೆಯ ಮಕ್ಕಳ ಜೊತೆ ಹಂಪಿಗೆ ಹೋಗಿದ್ದೆ. ಹೊಸಪೇಟೆಯವರಿಗೆ ಹಂಪಿ ಪ್ರವಾಸವಲ್ಲ, ಹಿತ್ತಲು. ಆದರೂ ಮೇಷ್ಟ್ರು ‘ನೀವು ಕತೆ ಬರೆಯೋರು, ಮಕ್ಕಳಿಗೆ ಏನಾದ್ರೂ ಹೇಳ್ತೀರಿ, ಬನ್ನಿ ಸಾರ್’ ಎಂದು ಕರೆದಿದ್ದರು. ಉಗ್ರನರಸಿಂಹನ ಮುಂದೆ ನಿಂತಿದ್ದಾಗ, ಪಕ್ಕದ ಗುಂಪಿಗೆ ವಿವರಿಸುತ್ತಿದ್ದ ಗೈಡೊಬ್ಬ ಮುರಿದ ತೋಳುಗಳತ್ತ ಕೈ ತೋರಿಸಿ ‘ಸಾಬರು ಒಡೆದದ್ದು’ ಎಂದ. ಅಷ್ಟೇ ಹೇಳಿ ಮುಂದಕ್ಕೆ ನಡೆದ. ಮಗಳ ಪಕ್ಕದಲ್ಲಿದ್ದ ಹುಡುಗಿ ಅವಳ ಜೀವದ ಗೆಳತಿ. ಈದ್‌ಗೆ ನಮ್ಮ ಮನೆಯಲ್ಲಿ ಸುರಕುಂಬಾ ಕುಡಿಯುವವಳು, ಯುಗಾದಿಗೆ ನಮ್ಮ ಮನೆಗೆ ಹೋಳಿಗೆ ತರುವವಳು. ಅವಳು ಕಿಂಚಿತ್ತೂ ಕಹಿಯಿಲ್ಲದೆ ಕೇಳಿದಳು: ‘ನಿಮ್ಮೋರು ಯಾಕೆ ಒಡೆದ್ರು?’ ಮಗಳು ನನ್ನ ಮುಖ ನೋಡಿದಳು. ವಾಪಸು ಬರುವಾಗ ಬಸ್ಸು ಕಮಲಾಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದಳು: ‘ಅಬ್ಬಾ, ಅಪನೇಚ್ ಲೋಗಾಂ ತೋಡೇ ಕ್ಯಾ?’ ನಮ್ಮವರೇ ಒಡೆದರಾ?

ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟು ಮಾತ್ರ ಬಂತು. ಗೈಡಿನ ಮೇಲಲ್ಲ, ಜನ ಕೇಳಬಯಸಿದ್ದನ್ನು ಹೇಳಿ ಆತ ಹೊಟ್ಟೆ ಹೊರೆಯುತ್ತಾನೆ. ಸಿಟ್ಟು ಬಂದದ್ದು ಕತೆ ಬರೆಯುವ ನಮ್ಮ ಮೇಲೆ. ನಾನೂರ ಅರವತ್ತು ವರ್ಷ ಹಳೆಯ ಪ್ರಕರಣವೊಂದರ ತೀರ್ಪು ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಯಾರು, ಯಾವಾಗ, ಯಾತಕ್ಕೆ, ಸಾಕ್ಷಿ ಏನು ಎಂದು ಯಾರೂ ಕೇಳುವುದಿಲ್ಲ. ಹೀಗೆ ಕೇಳುವುದನ್ನು ಸಾಮಾನ್ಯ ಓದುಗನಿಗೆ ಕಲಿಸಬಲ್ಲ ಸಾಹಿತ್ಯ ಪ್ರಕಾರವೊಂದು ನಮ್ಮಲ್ಲಿತ್ತು. ಅದನ್ನು ನಾವು ಅಗ್ಗದ ಮಾಲು ಎಂದು ಮೂಲೆಗೆ ಹಾಕಿದೆವು. ನಾನು ಹೇಳುತ್ತಿರುವುದು ಪತ್ತೇದಾರಿ ಕಾದಂಬರಿಯ ಬಗ್ಗೆ.

ನಗಬೇಡಿ. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಓದಿದವನು. ಎರಡೂ ಭಾಷೆಗಳ ರುಚಿ ಹತ್ತಿಸಿದ್ದು ಪಠ್ಯಪುಸ್ತಕಗಳಲ್ಲ, ಪತ್ತೇದಾರರು. ಚಾಚಾ ಟ್ರಂಕಿನಲ್ಲಿ ಕೂಡಿಟ್ಟಿದ್ದ ಇಬ್ನೆ ಸಫಿಯ ಹಳೆಯ ಪ್ರತಿಗಳು ನನ್ನ ಪಾಲಿಗೆ ಬಂದವು. 1952ರಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಶುರು ಮಾಡಿದ ಈ ಮನುಷ್ಯ 1955ರಲ್ಲಿ ‘ಇಮ್ರಾನ್ ಸೀರೀಸ್’ ಆರಂಭಿಸಿದ. 1980ರಲ್ಲಿ ಕರಾಚಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಎರಡೂ ಮಾಲೆ ಸೇರಿ ಇನ್ನೂರ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದ. ಕನ್ನಡದ ಕಡೆಯಿಂದ ಬಾಡಿಗೆ ಪುಸ್ತಕದಂಗಡಿಯ ಮೂಲಕ ಬಂದವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನರಸಿಂಹಯ್ಯನವರು ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಕನ್ನಡದ ಒಂದು ಇಡೀ ತಲೆಮಾರಿಗೆ ಓದುವ ಚಟ ಹತ್ತಿಸಿದ ಅವರು 2011ರಲ್ಲಿ ತೀರಿಕೊಂಡರು. ನಮ್ಮ ವಿಮರ್ಶೆಯ ದಪ್ಪ ಗ್ರಂಥಗಳಲ್ಲಿ ಅವರಿಗೆ ಎಷ್ಟು ಪುಟ ಕೊಟ್ಟಿದ್ದೇವೆ, ನೀವೇ ತೆರೆದು ನೋಡಿ.

ಕರ್ನಲ್ ಫರೀದಿಯೂ ಪುರುಷೋತ್ತಮನೂ ನನಗೆ ಕಲಿಸಿದ ಪಾಠ ಒಂದೇ: ಮೊದಲ ಪುಟದಲ್ಲಿ ಎಲ್ಲರೂ ಯಾರತ್ತ ಬೆರಳು ತೋರಿಸುತ್ತಾರೋ ಅವನ ಬಗ್ಗೆ ಆತುರಪಡಬೇಡ. ಅವನೇ ಕೊಲೆಗಾರನಾಗಿದ್ದರೂ ಇರಬಹುದು. ಆದರೆ ಅದು ಗೊತ್ತಾಗುವುದು ಕೊನೆಯ ಪುಟದಲ್ಲಿ, ಸಾಕ್ಷ್ಯದ ಮೇಲೆ. ನಡುವಿನ ನೂರೈವತ್ತು ಪುಟ ತಾಳ್ಮೆ ಇಲ್ಲದವನು ಪತ್ತೇದಾರಿಯನ್ನು ಓದಲಾರ. ಒಳ್ಳೆಯ ನಾಗರಿಕನೂ ಆಗಲಾರ ಎಂಬುದು ನನ್ನ ಮಾತು.

ಹೊರಗಿನ ಜಗತ್ತಿನಲ್ಲಿ ಈ ಪ್ರಕಾರ ಎಲ್ಲಿಗೆ ಬಂದು ನಿಂತಿದೆ ನೋಡಿ. ಅಗಾಥಾ ಕ್ರಿಸ್ಟಿಯ ಗಂಡ ಪುರಾತತ್ವಜ್ಞ. ಇರಾಕಿನ ಉತ್ಖನನದ ಶಿಬಿರದಲ್ಲೇ ಕೊಲೆ ನಡೆಯುವ ಕಾದಂಬರಿಯನ್ನು ಆಕೆ 1936ರಲ್ಲೇ ಪ್ರಕಟಿಸಿದರು. 1997ರಿಂದ ಕ್ಯಾಥಿ ರೀಕ್ಸ್ ಎಂಬಾಕೆ ಬರೆಯುತ್ತಿರುವ ಮಾಲೆಯ ನಾಯಕಿ ಫೊರೆನ್ಸಿಕ್ ಮಾನವಶಾಸ್ತ್ರಜ್ಞೆ, ಅಂದರೆ ಎಲುಬು ಓದುವವಳು. ಲೇಖಕಿಯ ವೃತ್ತಿಯೂ ಅದೇ. ಇಂಗ್ಲೆಂಡಿನ ಎಲ್ಲಿ ಗ್ರಿಫಿತ್ಸ್ 2009ರಿಂದ 2023ರವರೆಗೆ ರೂತ್ ಗ್ಯಾಲವೇ ಎಂಬ ಪುರಾತತ್ವದ ಅಧ್ಯಾಪಕಿಯನ್ನಿಟ್ಟುಕೊಂಡು 15 ಕಾದಂಬರಿ ಬರೆದರು. ಮೊದಲನೆಯ ಕಾದಂಬರಿಯಲ್ಲೇ ಒಂದು ಸೊಗಸಾದ ಸಂಗತಿ ಇದೆ. ಸಮುದ್ರದಂಚಿನ ಜೌಗಿನಲ್ಲಿ ಮಗುವಿನ ಎಲುಬು ಸಿಗುತ್ತವೆ. ಹತ್ತು ವರ್ಷದ ಹಿಂದೆ ಕಾಣೆಯಾದ ಹುಡುಗಿಯದೇ ಎಂದು ಪೊಲೀಸ್ ಅಧಿಕಾರಿ ಓಡಿ ಬರುತ್ತಾನೆ. ರೂತ್ ನೋಡಿ ಹೇಳುತ್ತಾಳೆ: ಇದು ನಿನ್ನ ಪ್ರಕರಣವಲ್ಲ, ಈ ಮಗು ಸತ್ತು ಸುಮಾರು ಎರಡು ಸಾವಿರ ವರ್ಷವಾಗಿದೆ. ವಿಜ್ಞಾನದ ಮೊದಲ ಉತ್ತರವೇ ‘ನೀನು ಅಂದುಕೊಂಡದ್ದಲ್ಲ’ ಎಂಬುದು. ಇಂಥ ಒಂದು ವಾಕ್ಯವನ್ನು ಹಂಪಿಯಲ್ಲಿ ನಿಂತು ಹೇಳುವ ಒಬ್ಬ ಪಾತ್ರ ಕನ್ನಡಕ್ಕೆ ಬೇಕಿತ್ತು.

ನಮ್ಮಲ್ಲಿ ಏನೂ ಆಗಿಲ್ಲ ಎಂದರೆ ಅನ್ಯಾಯವಾದೀತು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸ, ಶಿಲ್ಪ, ಶಾಸನಗಳ ಒಗಟನ್ನು ಹಿಡಿದು ಹಲವು ರೋಚಕ ಕಾದಂಬರಿ ಬರೆದರು. ಕತೆಗೂ ಅಡಿಟಿಪ್ಪಣಿ, ಆಧಾರ ಕೊಡುವ ರೂಢಿಯನ್ನು ಕನ್ನಡಕ್ಕೆ ತಂದರು. ಅವರ ‘ಕರಿಸಿರಿಯಾನ’ ನಮ್ಮ ಊರಿನದೇ ಪ್ರಶ್ನೆ ಎತ್ತಿಕೊಂಡಿತು: 1565ರ ಸೋಲಿನ ನಂತರ ಆನೆಗಳ ಮೇಲೆ ಹೇರಿಕೊಂಡು ಹೋದ ವಿಜಯನಗರದ ಸಂಪತ್ತು ಏನಾಯಿತು? ನಾನೂ ಒಂದೇ ರಾತ್ರಿಗೆ ಓದಿ ಮುಗಿಸಿದವನು. ಆದರೆ ಓದುಗರಾದ ನಾವು ಮಾಡಿದ್ದೇನು? ಅಡಿಟಿಪ್ಪಣಿಗಳನ್ನು ಬಿಟ್ಟು ಆನೆಗಳ ಹಿಂದೆ ಓಡಿದೆವು. ಪುರಾತತ್ವ ಎಂದರೆ ನಿಧಿ ಎಂಬ ನಮ್ಮ ಹಳೆಯ ಆಸೆಗೆ ಹೊಸ ಅಂಗಿ ತೊಡಿಸಿಕೊಂಡೆವು.

ಈ ಆಸೆ ಕಾದಂಬರಿಯೊಳಗೆ ಉಳಿದರೆ ತಕರಾರಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ರಾತ್ರೋರಾತ್ರಿ ಕಿತ್ತುಹಾಕಿದವರು ನಿಧಿಗಳ್ಳರು. ಕೃಷ್ಣದೇವರಾಯನ ಕಾಲದ ಯತಿಯ ಸಮಾಧಿಯ ಕೆಳಗೆ ಅವರು ಹುಡುಕಿದ್ದು ಚಿನ್ನ. ಹಂಪಿಯ ಸುತ್ತ ಬೆಟ್ಟಗಳಲ್ಲಿ ತಿರುಗಿ ನೋಡಿ, ಕಲ್ಲಿನ ಬುಡದಲ್ಲಿ ಗುಂಡಿಗಳಿವೆ. ಸುಲ್ತಾನರ ಸೈನ್ಯ ಬಂದದ್ದು ಒಂದು ಸಲ. ನಿಧಿಗಳ್ಳರ ಹಾರೆ ಇನ್ನೂ ನಿಂತಿಲ್ಲ. ಅವರನ್ನು ತೋರಿಸಿ ‘ಇವರು ಒಡೆದದ್ದು’ ಎಂದು ಹೇಳುವ ಗೈಡನ್ನು ನಾನು ಕಂಡಿಲ್ಲ.

ಹಾಗಾದರೆ ಪತ್ತೇದಾರಿ ಎಲ್ಲಿಂದ ಶುರುವಾಗಬೇಕು? ನನ್ನನ್ನು ಕೇಳಿದರೆ ಕುಡತಿನಿಯಿಂದ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಹತ್ತಿರ ದೊಡ್ಡ ಬೂದಿದಿಬ್ಬವಿದೆ. ಹಂಪಿಯ ಪಕ್ಕ ನಿಂಬಾಪುರದಲ್ಲಿ ಇನ್ನೊಂದಿದೆ. ಅದು ರಾಮ ಕೊಂದ ವಾಲಿಯನ್ನು ಸುಟ್ಟ ಚಿತೆಯ ಬೂದಿ ಎಂದು ಜನ ನಂಬಿದ್ದಾರೆ. ಬೂದಿ ಎಂದ ಮೇಲೆ ಹೆಣ ಇರಲೇಬೇಕು, ಹೆಣ ಎಂದ ಮೇಲೆ ಕೊಂದವನು ಇರಲೇಬೇಕು. ಹತ್ತೊಂಬತ್ತನೇ ಶತಮಾನದಿಂದಲೂ ಬ್ರಿಟಿಷ್ ಅಧಿಕಾರಿಗಳು ಈ ದಿಬ್ಬಗಳ ಮುಂದೆ ತಲೆ ಕೆರೆದುಕೊಂಡರು. ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿಯ ಬೂದಿ ಎಂದು ಗುರುತಿಸಿದ್ದರು. 1957ರಲ್ಲಿ ರೇಮಂಡ್ ಆಲ್ಚಿನ್ ಆಗಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಪದರಗಳ ನಡುವೆ ಸಿಕ್ಕಿದ್ದು ತಲೆಬುರುಡೆಯಲ್ಲ, ದನಗಳ ಗೊರಸಿನ ಗುರುತು. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಮೇಯಿಸುತ್ತಿದ್ದ ನವಶಿಲಾಯುಗದ ಜನ ದೊಡ್ಡಿ ಕಟ್ಟಿ, ಸಗಣಿ ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟ ಬೂದಿ ಅದು. 1963ರಲ್ಲಿ ಪ್ರಕಟವಾದ ಆಲ್ಚಿನ್ನರ ಪುಸ್ತಕ ಈ ದನಗಾಹಿಗಳ ಬಗ್ಗೆಯೇ ಇದೆ.

ಇದಕ್ಕಿಂತ ದೊಡ್ಡ ಪತ್ತೇದಾರಿ ಯಾವುದಿದೆ? ಎಲ್ಲರೂ ಚಿತೆ ಎಂದರು. ಮಣ್ಣು ‘ಇಲ್ಲಿ ಹೆಣ ಸುಟ್ಟಿಲ್ಲ, ದನ ಕಟ್ಟಿದ್ದರು’ ಎಂದಿತು. ಇಷ್ಟು ಹೇಳಿದ್ದಕ್ಕೆ ವಾಲಿಯ ಕತೆ ಸಾಯಲಿಲ್ಲ. ನಿಂಬಾಪುರದ ಜನ ಇಂದಿಗೂ ಅದನ್ನು ಹೇಳುತ್ತಾರೆ, ಹೇಳಲಿ. ಕತೆ ಕತೆಯ ಜಾಗದಲ್ಲಿ, ಸಾಕ್ಷ್ಯ ಸಾಕ್ಷ್ಯದ ಜಾಗದಲ್ಲಿ ಇರುವುದು ಸಾಧ್ಯ ಎಂಬುದಕ್ಕೆ ನಮ್ಮ ಊರಿನ ಬೂದಿಯೇ ಸಾಕ್ಷಿ.

ಈಗ ಮಗಳ ಪ್ರಶ್ನೆಗೆ ಬರೋಣ. 1565ರ ಜನವರಿಯಲ್ಲಿ ರಾಮರಾಯ ಯುದ್ಧದಲ್ಲಿ ತಲೆ ಕಳೆದುಕೊಂಡ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಸೈನ್ಯ ರಾಜಧಾನಿಗೆ ನುಗ್ಗಿ ಲೂಟಿ ಮಾಡಿತು, ಬೆಂಕಿ ಹಚ್ಚಿತು. ಇದು ನಿಜ. ನಮ್ಮವರಲ್ಲಿ ಕೆಲವರು ಇದನ್ನು ನುಂಗಿಕೊಂಡು ‘ಅದು ರಾಜಕೀಯ ಅಷ್ಟೇ’ ಎಂದು ಕೈ ತೊಳೆದುಕೊಳ್ಳುತ್ತಾರೆ. ರಾಜಕೀಯದ ಬೆಂಕಿಯೂ ಸುಡುತ್ತದೆ. ಹಾಗೆ ಕೈ ತೊಳೆದುಕೊಳ್ಳುವುದೂ ಗೈಡಿನ ತೀರ್ಪಿನಷ್ಟೇ ಸೋಮಾರಿಯಾದದ್ದು.

ಆದರೆ ನೆಲ ಇನ್ನಷ್ಟು ಹೇಳುತ್ತದೆ. 1980ರ ದಶಕದಿಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಅವರ ತಂಡ ಹಂಪಿಯ ಕಲ್ಲು ಕಲ್ಲನ್ನೂ ನಕ್ಷೆಗೆ ಇಳಿಸಿತು. ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು ಅರಮನೆ ಪ್ರದೇಶ ಅಗೆದವು. ಮಾರ್ಕ್ ಲೈಸೆಟ್ ಮತ್ತು ಕ್ಯಾಥಲೀನ್ ಮಾರಿಸನ್ 2013ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ‘ಪತನ’ವನ್ನೇ ಮರುವಿಚಾರಣೆಗೆ ಹಚ್ಚಿದರು. ಹಾನಿ ಎಲ್ಲೆಡೆ ಒಂದೇ ಸಮನಾಗಿಲ್ಲ. ಅರಸೊತ್ತಿಗೆಗೆ ಅಂಟಿಕೊಂಡಿದ್ದ ಕಟ್ಟಡಗಳಿಗೆ, ಅರಸರ ಪ್ರತಿಷ್ಠೆಯ ಗುಡಿಗಳಿಗೆ ಪೆಟ್ಟು ಜೋರಾಗಿ ಬಿದ್ದಿದೆ. ಊರಿನ ಅತಿ ಹಳೆಯ, ಅತಿ ಪೂಜ್ಯ ದೇವರಾದ ವಿರೂಪಾಕ್ಷನ ಗುಡಿ ಉಳಿದಿದೆ, ಅಲ್ಲಿ ಪೂಜೆ ಇಂದಿಗೂ ನಡೆದಿದೆ. ಬರೀ ವಿಗ್ರಹದ್ವೇಷವೇ ಕಾರಣವಾಗಿದ್ದರೆ ಮೊದಲು ಬೀಳಬೇಕಾದ ಗೋಪುರ ಯಾಕೆ ನಿಂತಿದೆ? ಪುರುಷೋತ್ತಮನಿದ್ದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಇದು.

ಪಾತ್ರಗಳ ಪಟ್ಟಿಯನ್ನೂ ನೋಡಿ. ಬಿಜಾಪುರದ ಅಲಿ ಆದಿಲ್‌ಶಹಾ ಕೆಲ ವರ್ಷಗಳ ಹಿಂದಷ್ಟೇ ವಿಜಯನಗರಕ್ಕೆ ಬಂದು, ಮಗನನ್ನು ಕಳೆದುಕೊಂಡಿದ್ದ ರಾಮರಾಯನ ಮನೆಯಲ್ಲಿ ಮಗನೆನಿಸಿಕೊಂಡು ಹೋದವನು ಎಂದು ಫೆರಿಷ್ತಾ ಬರೆದಿದ್ದಾನೆ. ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ, ಅದರ ಪಕ್ಕದ ಗೋರಿ ಇಂದಿಗೂ ಹಂಪಿಯಲ್ಲಿವೆ. ಕದಿರಾಂಪುರದಲ್ಲಿ ಹಳೆಯ ಗೋರಿಗಳಿವೆ. ಗಿರೀಶ ಕಾರ್ನಾಡರು ‘ರಾಕ್ಷಸ ತಂಗಡಿ’ ನಾಟಕದಲ್ಲಿ ಈ ಗೋಜಲನ್ನು ಕೈಗೆತ್ತಿಕೊಂಡರು. 2018ರಲ್ಲಿ ಬಂದ ಆ ನಾಟಕದ ಮೇಲೆ ಇನ್ನೂ ಹತ್ತು ಕಾದಂಬರಿ ಬರಬಹುದಿತ್ತು.

ತುಂಗಭದ್ರೆಯ ಗುಂಟ ಕಂಪ್ಲಿಗೆ ಬಂದರೆ ಇನ್ನೂ ಹಳೆಯ ಪ್ರಕರಣ ಸಿಗುತ್ತದೆ. 1327ರ ಸುಮಾರಿಗೆ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದು, ಸೋತು, ಕಂಪಿಲರಾಯನ ಆಶ್ರಯಕ್ಕೆ ಬಂದ. ದಿಲ್ಲಿಯ ಸೈನ್ಯ ಬೆನ್ನಟ್ಟಿ ಬಂತು. ನಂಬಿ ಬಂದವನನ್ನು ಕಂಪಿಲರಾಯ ಒಪ್ಪಿಸಲಿಲ್ಲ. ಹೊಯ್ಸಳ ಬಲ್ಲಾಳನ ಕಡೆಗೆ ಸಾಗಿಸಿ, ತಾನು ಹೋರಾಡಿ ಸತ್ತ. ಬಲ್ಲಾಳ ಅವನನ್ನು ಹಿಡಿದು ತುಘಲಕ್‌ಗೆ ಒಪ್ಪಿಸಿದ. ಗುರ್ಶಾಸ್ಪ್‌ನ ಚರ್ಮ ಸುಲಿಸಿದ ಘೋರವನ್ನು ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಕೊಂದವನು ಮುಸ್ಲಿಂ, ಸತ್ತವನು ಮುಸ್ಲಿಂ, ಕಾಯಲು ಪ್ರಾಣ ಕೊಟ್ಟವನು ಹಿಂದೂ, ಹಿಡಿದು ಕೊಟ್ಟವನೂ ಹಿಂದೂ. ಕುಮಾರರಾಮನ ಕತೆ ಕೇಳುತ್ತ ಬೆಳೆದ ಕಂಪ್ಲಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಅವನ ತಂದೆ ಯಾರಿಗಾಗಿ ಸತ್ತ ಎಂಬುದು ಗೊತ್ತು?

ಇನ್ನು ಎಲುಬಿನ ಮಾತು. ಹೊಸಪೇಟೆಯ ಕಬರಸ್ಥಾನದಲ್ಲಿ ನಾನು ಹುಡುಗನಾಗಿದ್ದಾಗ ಗೋರಿ ತೋಡುವ ಮುದುಕರೊಬ್ಬರಿದ್ದರು. ಇಕ್ಕಟ್ಟಿನ ಜಾಗ; ಹೊಸ ಗೋರಿ ತೋಡುವಾಗ ಹಳೆಯ ಎಲುಬು ಸಿಗುವುದುಂಟು. ಅವನ್ನು ಬಟ್ಟೆಯಲ್ಲಿ ಕಟ್ಟಿ, ಒಂದು ಮಗ್ಗುಲಿಗಿಟ್ಟು ಮಣ್ಣು ಮುಚ್ಚುತ್ತಿದ್ದರು. ಸೊಂಟದ ಎಲುಬು ಕೈಗೆ ಬಂದರೆ ‘ಹೆಂಗಸು’ ಎನ್ನುವರು. ದವಡೆ ನೋಡಿ ‘ವಯಸ್ಸಾಗಿರಲಿಲ್ಲ, ಪಾಪ’ ಎನ್ನುವರು. ಫೊರೆನ್ಸಿಕ್ ಮಾನವಶಾಸ್ತ್ರದ ಮೊದಲ ಪಾಠಗಳೂ ಇವೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಸೊಂಟದ ಗೂಡು ಹೆಣ್ಣೋ ಗಂಡೋ ಹೇಳುತ್ತದೆ. ಹಲ್ಲು, ಬುರುಡೆಯ ಹೊಲಿಗೆ ವಯಸ್ಸನ್ನು ಅಂದಾಜಿಗೆ ತರುತ್ತವೆ. ತೊಡೆಯ ಎಲುಬು ಎತ್ತರ ಹೇಳುತ್ತದೆ. ಗಾಯದ ಅಂಚು ಕೂಡಿಕೊಂಡಿದ್ದರೆ ಪೆಟ್ಟು ತಿಂದೂ ಬದುಕಿದವನು. ಕೂಡದೆ ಹಾಗೇ ಇದ್ದರೆ ಸಾವಿನ ಹೊತ್ತಿನ ಪೆಟ್ಟಿರಬಹುದು. ಹಲ್ಲಿನಲ್ಲಿ ಉಳಿದ ಸ್ಟ್ರಾನ್ಷಿಯಂ ಅವನು ಬಾಲ್ಯದಲ್ಲಿ ಯಾವ ಸೀಮೆಯ ಅನ್ನನೀರು ಉಂಡವನು ಎಂಬ ಸುಳಿವು ಕೊಡುತ್ತದೆ. ಇಷ್ಟೆಲ್ಲ ಹೇಳುವ ಎಲುಬು ಒಂದನ್ನು ಮಾತ್ರ ಹೇಳುವುದಿಲ್ಲ: ಅವನು ಯಾವ ದೇವರಿಗೆ ಕೈ ಮುಗಿದ ಎಂದು. ಹೆಣವನ್ನು ಹೂತ ರೀತಿ, ಮುಖ ತಿರುಗಿಸಿದ ದಿಕ್ಕು ಅದನ್ನು ಹೇಳೀತು. ಅದು ಹೂತವರ ಮಾತು, ಎಲುಬಿನದಲ್ಲ.

ನಮ್ಮ ಸೀಮೆಯಲ್ಲಿ ಈ ವಿದ್ಯೆ ಹೊಸದೂ ಅಲ್ಲ. ಸಿರುಗುಪ್ಪದ ಹತ್ತಿರ ತೆಕ್ಕಲಕೋಟೆಯ ಬೆಟ್ಟದಲ್ಲಿ 1963-64ರಲ್ಲಿ ಅಗೆತ ನಡೆಸಿದ ಎಂ.ಎಸ್. ನಾಗರಾಜರಾವ್ ತಮ್ಮ ಜೊತೆಗೆ ಮಾನವಶಾಸ್ತ್ರಜ್ಞ ಕೈಲಾಸ್ ಮಲ್ಹೋತ್ರ ಅವರನ್ನು ಇಟ್ಟುಕೊಂಡಿದ್ದರು. 1965ರ ವರದಿ ಇಬ್ಬರ ಹೆಸರಿನಲ್ಲಿದೆ. ಮಡಕೆ ಓದುವವರೂ ಎಲುಬು ಓದುವವರೂ ಒಂದೇ ಗುಂಡಿಯಲ್ಲಿ ಕೂತ ಕತೆ ಇಲ್ಲೇ ಇದೆ. ತೀರಿಕೊಂಡ ಎಳೆಗೂಸನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಹೂಳುವುದು ಆ ಕಾಲದ ದಕ್ಷಿಣದ ಜನರ ರೂಢಿ. ಮಗುವನ್ನು ಊರಾಚೆ ಬಿಟ್ಟುಬರಲು ಮನಸ್ಸಾಗದ ಆ ತಾಯಿಯ ಮೇಲೆ ಕನ್ನಡದಲ್ಲಿ ಒಂದು ಕಾದಂಬರಿಯನ್ನು ನಾನು ಓದಿಲ್ಲ. ಆನೆ ಮೇಲಿನ ಚಿನ್ನದ ಮೇಲೆ ಓದಿದ್ದೇನೆ.

ಸತ್ತವರನ್ನು ಅಲುಗಿಸುವುದು ಸರಿಯೇ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಸತ್ತವರ ಎಲುಬು ಮುರಿಯುವುದು ಬದುಕಿದವರ ಎಲುಬು ಮುರಿದಂತೆ ಎಂಬ ಪ್ರವಾದಿವಚನ ನಮಗೆಲ್ಲ ಗೊತ್ತು. ನಾನು ಅದನ್ನು ಈ ವಿದ್ಯೆಯ ವಿರುದ್ಧವಲ್ಲ, ಈ ವಿದ್ಯೆಯ ನೀತಿ ಎಂದು ಓದುತ್ತೇನೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಎಂಟು ಸಾವಿರ ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದರು. ಆಮೇಲೆ ಯಂತ್ರ ತಂದು ಹೆಣಗಳನ್ನು ಗುಂಡಿಯಿಂದ ಗುಂಡಿಗೆ ಸಾಗಿಸಿದರು. ಒಬ್ಬನದೇ ಎಲುಬು ಎರಡು ಮೂರು ಕಡೆ ಸಿಕ್ಕಿತು. ಮಾನವಶಾಸ್ತ್ರಜ್ಞರು, ಡಿಎನ್‌ಎ ಪರೀಕ್ಷಕರು ವರ್ಷಗಟ್ಟಲೆ ಕೂತು ಜೋಡಿಸಿ ಸುಮಾರು ಏಳು ಸಾವಿರ ಮಂದಿಗೆ ಹೆಸರು ಮರಳಿಸಿದರು. ಆಗಿಯೇ ಇಲ್ಲ ಎಂದವರ ಬಾಯಿ ಮುಚ್ಚಿಸಲು ಹೇಗ್ ನ್ಯಾಯಮಂಡಳಿಯಲ್ಲಿ ಆ ಎಲುಬುಗಳೇ ಸಾಕ್ಷಿ ನುಡಿದವು. ತ್ಯಾಂಪನದಂಥ ಕೆಲಸವಲ್ಲ ಅದು. ಮಯ್ಯತ್ತಿಗೆ ತಡವಾಗಿ ಸಂದ ಹಕ್ಕು.

ನಮ್ಮ ರಾಜ್ಯದಲ್ಲೇ 2025ರ ಜುಲೈನಲ್ಲಿ ಧರ್ಮಸ್ಥಳದ ನೇತ್ರಾವತಿಯ ದಂಡೆಯಲ್ಲಿ ವಿಶೇಷ ತನಿಖಾ ತಂಡ ನೆಲ ಅಗೆಯಿತು. ಆಗಸ್ಟಿನಲ್ಲಿ ದೂರು ಕೊಟ್ಟವನನ್ನೇ ಬಂಧಿಸಿತು. ಆ ಪ್ರಕರಣದ ಬಗ್ಗೆ ತೀರ್ಪು ಹೇಳಲು ನಾನು ಯಾರೂ ಅಲ್ಲ. ಆದರೆ ಸಿಕ್ಕ ಎಲುಬು ಪ್ರಯೋಗಾಲಯ ತಲುಪುವ ಮುನ್ನವೇ ಎರಡೂ ಕಡೆಯ ತೀರ್ಪು ಟಿವಿಯಲ್ಲಿ, ಮೊಬೈಲಿನಲ್ಲಿ ಬಂದುಹೋಗಿತ್ತು. ಎಲುಬು ನಿಧಾನವಾಗಿ ಮಾತಾಡುತ್ತದೆ ಎಂದು ಗೊತ್ತಿಲ್ಲದ ಸಮಾಜ ನಮ್ಮದು. ಗೊತ್ತುಮಾಡಿಸುವ ಕಾದಂಬರಿಗಳನ್ನು ನಾವು ಬರೆದಿಲ್ಲ.

ತಡಮಾಡುವಂತೆಯೂ ಇಲ್ಲ. ಸಾಕ್ಷ್ಯ ಇರುವ ಜಾಗವನ್ನು ಕಾಯುವುದು ಪತ್ತೇದಾರನ ಮೊದಲ ಕೆಲಸ. ಸಂಡೂರಿನ ಬೆಟ್ಟಗಳು ಲಾರಿ ಹತ್ತಿ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅಷ್ಟರಲ್ಲಿ ಅದಿರಿನ ಜೊತೆ ಎಷ್ಟು ಮಡಕೆ ಚೂರು, ಎಷ್ಟು ಕಲ್ಲಿನ ಕೊಡಲಿ, ಎಷ್ಟು ಗೋರಿ ಹಡಗು ಹತ್ತಿದವೋ ಲೆಕ್ಕ ಇಟ್ಟವರಿಲ್ಲ. ಅಲ್ಲಿ ದೂಳು ಕುಡಿದು ಸತ್ತ ಕೂಲಿಗಳ ಕತೆಯನ್ನು ಯಾವ ಪುರುಷೋತ್ತಮ ಪತ್ತೆ ಮಾಡಬೇಕು?

ನಾನೂ ತಪ್ಪಿತಸ್ಥನೇ. ವರ್ಷಗಳ ಹಿಂದೆ ಹಂಪಿಯ ಮೇಲೆ ಒಂದು ಕತೆ ಬರೆದಿದ್ದೆ. ಊರು ಉರಿಯುವಾಗ ಒಬ್ಬ ಮುಸ್ಲಿಂ ಸಿಪಾಯಿ ಗುಡಿಯ ದೀಪ ಆರದಂತೆ ಕಾಯುತ್ತಾನೆ. ಎರಡೂ ಕಡೆಯವರು ಮೆಚ್ಚಿದರು, ಭಾಷಣಗಳಲ್ಲಿ ಉದಾಹರಿಸಿದರು. ಈಗ ಓದಿದರೆ ನಾಚಿಕೆಯಾಗುತ್ತದೆ. ಅಂಥ ಸಿಪಾಯಿ ಇರಲಿಲ್ಲ ಎಂದಲ್ಲ; ಇದ್ದನೇ ಎಂದು ನಾನು ಹುಡುಕಲೇ ಇಲ್ಲ. ಗೈಡು ಮೊದಲೇ ಅಪರಾಧಿಯನ್ನು ಇಟ್ಟುಕೊಂಡು ಬಂದಿದ್ದ, ನಾನು ಮೊದಲೇ ನಿರಪರಾಧಿಯನ್ನು ಇಟ್ಟುಕೊಂಡು ಕೂತಿದ್ದೆ.

ಆ ರಾತ್ರಿ ಮಗಳಿಗೆ ಹೇಳಿದೆ: ‘ಒಡೆದವರು ಸುಲ್ತಾನರ ಸೈನ್ಯದವರು ಇರಬಹುದು ಬೇಟಾ, ಆಮೇಲೆ ಬಂದ ನಿಧಿಗಳ್ಳರೂ ಇರಬಹುದು. ನೀನು ಒಡೆದಿಲ್ಲ. ನಿನ್ನ ಗೆಳತಿ ಕಟ್ಟಿಸಿಲ್ಲ. ನೀವಿಬ್ಬರೂ ಸೇರಿ ಪತ್ತೆ ಮಾಡಿ.’ ಅವಳು ಸ್ವಲ್ಪ ಹೊತ್ತು ಯೋಚಿಸಿ ‘ಹ್ಯಾಗೆ ಪತ್ತೆ ಮಾಡೋದು?’ ಎಂದಳು. ಓದಲು ಕೊಡಲು ನನ್ನ ಕಪಾಟಿನಲ್ಲಿ ಕನ್ನಡದ ಪುಸ್ತಕ ಇರಲಿಲ್ಲ.

ಬರೆಯುವ ಹುಡುಗ ಹುಡುಗಿಯರೇ, ಆನೆಗಳನ್ನು ಬಿಡಿ. ಅವು ಎಂದೋ ಹೋದವು. ಬಳ್ಳಾರಿಯ ರೈಲು ಹತ್ತಿ ಕುಡತಿನಿಯಲ್ಲಿ ಇಳಿಯಿರಿ. ಬೂದಿದಿಬ್ಬದ ಮುಂದೆ ನಿಂತು ನಿಮ್ಮ ಮೊದಲ ಪುಟ ಬರೆಯಿರಿ. ಕಂಪ್ಲಿಯ ಒಬ್ಬ ಹುಡುಗಿ, ಮಾನವಶಾಸ್ತ್ರ ಓದಿದವಳು, ಕೈಯಲ್ಲಿ ಕುಂಚ, ಎದುರಿಗೆ ಒಂದು ಎಲುಬು. ಸುತ್ತ ನಿಂತವರೆಲ್ಲ ಅದು ಯಾರದೆಂದು ಕೂಗಿ ಹೇಳುತ್ತಿದ್ದಾರೆ. ಅವಳು ಇನ್ನೂ ಏನೂ ಹೇಳಿಲ್ಲ.